ಎಮ್ಮೆಗಷ್ಟೇ ತೆಲುಗು

ನನ್ನೆದುರು ಬಂದು ಕೂತವರನ್ನು ನಾನು ಮೊದಲು ಕೇಳುವುದು ಅವರ ಕಷ್ಟವನ್ನಲ್ಲ. ಮನೆಯಲ್ಲಿ ಊಟಕ್ಕೆ ಎಲ್ಲಿ ಕೂರುತ್ತೀರಿ, ಯಾರ ಪಕ್ಕದಲ್ಲಿ, ಬಡಿಸುವವರು ಯಾರು ಎಂದು ಕೇಳುತ್ತೇನೆ. ಆಮೇಲೆ, ಅಳು ಬಂದಾಗ ಬಾಯಿಗೆ ಮೊದಲು ಬರುವುದು ಯಾವ ಭಾಷೆ ಎಂದು. ವಿಶ್ವವಿದ್ಯಾಲಯದಲ್ಲಿ ನನಗೆ ಮನಶ್ಶಾಸ್ತ್ರ ಕಲಿಸಿದ ಪ್ರಾಧ್ಯಾಪಕರಿಗೆ ಇದು ಸರಿಬರಲಿಲ್ಲ. ಮನಸ್ಸಿನ ಚಿಕಿತ್ಸೆಗೆಂದು ಬಂದವರ ಅಡುಗೆಮನೆ ಹೊಕ್ಕು ಏನು ಹುಡುಕುತ್ತೀಯ ಎಂದು ಅವರು ನಕ್ಕಿದ್ದರು. ಆ ನಗುವನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಈಚೆಗೆ ಕೇಳಿಬರುತ್ತಿರುವ ಮೆಚ್ಚುಗೆ. ನೀವು ಮಾಡುತ್ತಿರುವುದು ಸಮಗ್ರ ಚಿಕಿತ್ಸೆ, ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ, ಅವರು ದೇಹವನ್ನೂ ಮನಸ್ಸನ್ನೂ ಒಡೆದು ನೋಡಿದವರಲ್ಲ ಎಂದು ಸಭೆಗಳಲ್ಲಿ ನನ್ನನ್ನು ಹೊಗಳುತ್ತಾರೆ. ಮಾತು ನಿಜ. ನಮ್ಮ ಮನೆಯಲ್ಲಿ ದೇಹವನ್ನೂ ಮನಸ್ಸನ್ನೂ ಯಾರೂ ಒಡೆದಿರಲಿಲ್ಲ. ಒಡೆಯದೆ ಇದ್ದುದರಿಂದಲೇ ಒಬ್ಬ ಹೆಂಗಸಿನ ದುಃಖಕ್ಕೆ ಚೂರ್ಣ ಕುಡಿಸುವುದು ಅಷ್ಟು ಸಲೀಸಾಯಿತು. ಹಿರಿಯರ ಸಮಗ್ರ ದೃಷ್ಟಿಯನ್ನು ಕೊಂಡಾಡುವವರು, ಆ ದೃಷ್ಟಿ ಯಾರ ಬಾಯಿ ಮುಚ್ಚಿಸಿತು ಎಂಬುದಕ್ಕೆ ಮೊದಲು ಉತ್ತರ ಕೊಡಲಿ. ನಾನು ಉತ್ತರ ಕೊಡಬಹುದಾದದ್ದು ನನ್ನ ಮನೆಯ ಮಟ್ಟಿಗೆ ಮಾತ್ರ. ಅದು ಕೂಡ, ಇಷ್ಟು ಓದಿ ಇಷ್ಟು ಜನರ ಕಥೆ ಕೇಳಿದ ಮೇಲೂ, ನನಗೆ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ನಮ್ಮ ಮನೆ ಆದೋನಿಯ ಪೇಟೆಯಲ್ಲಿತ್ತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳು ನಡೆಯುವ ಕಾಲದಲ್ಲಿ ಅವುಗಳ ಸದ್ದು ನಡುಮನೆಯವರೆಗೂ ಕೇಳುತ್ತಿತ್ತು. ಗಾಳಿಯಲ್ಲಿ ತೇಲಿಬಂದ ಹತ್ತಿಯ ಎಳೆಗಳು ಒಣಹಾಕಿದ ಬಟ್ಟೆಗೂ ಉಪ್ಪಿನಕಾಯಿಯ ಜಾಡಿಗೂ ಅಂಟಿಕೊಳ್ಳುತ್ತಿದ್ದವು. ಕಲ್ಲುಗೋಡೆ, ಮಣ್ಣಿನ ಮಾಳಿಗೆ. ಬೀದಿಬಾಗಿಲು ದಾಟಿದರೆ ಪಡಸಾಲೆ, ಅದು ಅಜ್ಜನ ರಾಜ್ಯ. ಅಜ್ಜ ಹತ್ತಿಯ ದಲ್ಲಾಳಿ. ಪೇಟೆಯಲ್ಲಿ ವಸ್ತ್ರದ ಮರೆಯಲ್ಲಿ ರೈತನ ಬೆರಳು ಹಿಡಿದು ದರ ಕುದುರಿಸುವಾಗ ಅವನ ಬಾಯಿಂದ ಬರುತ್ತಿದ್ದ ತೆಲುಗು ಬೆಲ್ಲದಂತಿರುತ್ತಿತ್ತು. ಪಡಸಾಲೆಯಾಚೆ ನಡುಮನೆ, ಅಲ್ಲಿ ಊಟ. ಅದರ ಒಂದು ಮಗ್ಗುಲಿಗೆ ಅಡುಗೆಮನೆ, ಇನ್ನೊಂದು ಮಗ್ಗುಲಿಗೆ ಬೆಳಕಿಂಡಿಯೇ ಇಲ್ಲದ ಒಂದು ಕೋಣೆ. ಬಾಣಂತಿಯರಿಗೂ ಕಾಯಿಲೆಯವರಿಗೂ ಅದೇ ಕೋಣೆ. ಯಾವಾಗ ಯಾವ ಕಾರಣಕ್ಕೆ ಯಾರು ಒಳಗಿದ್ದಾರೆ ಎಂಬುದು ಮಕ್ಕಳಾದ ನಮಗೆ ತಿಳಿಯುತ್ತಿರಲಿಲ್ಲ. ಹಿಂದೆ ಹಿತ್ತಲು, ಅಲ್ಲಿ ಎಮ್ಮೆ. ಅಪ್ಪ ಹಾಲಹರವಿಯಲ್ಲಿ ಮೇಷ್ಟ್ರಾಗಿದ್ದ, ವಾರಕ್ಕೊಮ್ಮೆ ಬಂದು ಅತಿಥಿಯಂತೆ ಉಂಡು ಹೋಗುತ್ತಿದ್ದ. ಅವ್ವ ಬಳ್ಳಾರಿಯವಳು, ಅವಳಿಗೆ ತೆಲುಗಿನಲ್ಲಿ ಬಳೆಗಾರ್ತಿಯನ್ನು ಕರೆಯಲೂ ಬರುತ್ತಿರಲಿಲ್ಲ. ಅಜ್ಜಿಯ ತವರು ದೇವನಕೊಂಡದ ದಿಕ್ಕಿನ ಹಳ್ಳಿ. ಆದರೆ ಅವಳು ತವರಿನ ಮಾತು ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಅವಳು ಹುಟ್ಟಿನಿಂದ ತೆಲುಗಿನವಳು ಎಂಬುದು ನನಗೆ ಗೊತ್ತಾದದ್ದೇ ನಾನು ಈಗ ಹೇಳಲಿರುವ ದಿನಗಳಲ್ಲಿ. ತನ್ನ ಕಿರಿಯ ಮಗನಿಗೆ, ಅಂದರೆ ನನ್ನ ಚಿಗಪ್ಪನಿಗೆ, ಆ ದಿಕ್ಕಿನಿಂದಲೇ ಹೆಣ್ಣು ತಂದವಳೂ ಅವಳೇ. ಹಾಗೆ ಬಂದವಳು ಸುಂಕಮ್ಮ, ನನ್ನ ಚಿಗವ್ವ.

ಚಿಗವ್ವ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ನಗು ಜಾಸ್ತಿಯಾಯಿತು. ರೊಟ್ಟಿ ಬಡಿಯುವಾಗ ಅವಳು ಅರ್ಧ ವಾಕ್ಯ ತೆಲುಗಿನಲ್ಲೂ ಉಳಿದರ್ಧ ಕನ್ನಡದಲ್ಲೂ ಆಡುತ್ತಿದ್ದಳು. ಅವ್ವ ಅದರಲ್ಲಿ ತನಗೆ ತಿಳಿದ ಅರ್ಧಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ಇಬ್ಬರ ಸಂಭಾಷಣೆ ಎತ್ತಲೋ ಹೋಗಿ ಕೊನೆಗೆ ಇಬ್ಬರೂ ನಗುತ್ತಿದ್ದರು. ಚಿಗವ್ವನಿಗೆ ತಾಯಿ ಇಲ್ಲದ ಕಾರಣ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಅವಳ ಅಣ್ಣ ದೇವನಕೊಂಡದಿಂದ ಒಂದು ಎಮ್ಮೆ ಹೊಡೆದುಕೊಂಡು ಬಂದು, ತಂಗಿಗೆ ಹಾಲಿಗೆ ಕೊರತೆಯಾಗಬಾರದೆಂದು ನಮ್ಮ ಹಿತ್ತಲಲ್ಲಿ ಕಟ್ಟಿ ಹೋದ. ಕೂಸು ಬೋರಲು ಬೀಳುವುದನ್ನು ಕಲಿತು, ತಲೆಯೆತ್ತಿ ಎಲ್ಲರ ಕಾಲುಗಳನ್ನೂ ನೋಡುತ್ತಿದ್ದ ಹೊತ್ತಿನಲ್ಲೇ ನಮ್ಮ ತಾಲೂಕು ಬಳ್ಳಾರಿಯ ಜೊತೆ ಉಳಿಯುತ್ತದೋ ಆಂಧ್ರಕ್ಕೆ ಹೋಗುತ್ತದೋ ಎಂಬ ಗಲಾಟೆ ಶುರುವಾಗಿತ್ತು. ಅಜ್ಜ ಚಿಗಪ್ಪನನ್ನು ಕರೆದುಕೊಂಡು ಬಳ್ಳಾರಿಯ ಸಭೆಗಳಿಗೆ ಹೋದ. ಅವರು ಅತ್ತ ಹೋದ ಮೇಲೆ ಕೂಸಿಗೆ ಜ್ವರ ಬಂತು.

ಅಜ್ಜಿ ಬಜೆ ತೇಯ್ದು ನೆಕ್ಕಿಸಿದಳು, ದೃಷ್ಟಿ ತೆಗೆದಳು, ನೆತ್ತಿಗೆ ಎಣ್ಣೆ ಒತ್ತಿದಳು. ಕೂಸಿನ ಅಳು ಸಣ್ಣದಾಗುತ್ತ ಬಂತು. ಆಸ್ಪತ್ರೆಗೆ ಹೋಗೋಣ ಎಂದು ಚಿಗವ್ವ ಮೊದಲು ಕೇಳಿಕೊಂಡಳು, ಆಮೇಲೆ ಜಗಳ ಮಾಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಅದೇ ದನಿಯಲ್ಲಿದೆ:

"ಗಂಡಸ್ರು ಮನ್ಯಾಗಿಲ್ಲ. ಅವರ ಮಾತಿಲ್ದ ನಾ ಹೆಂಗ ಹೊಸ್ತಿಲ ದಾಟಿಸ್ಲಿ? ಬರ್ಲಿ ತಡಿ, ಬರ್ತಾರ."

ಗಂಡಸರು ಬಂದಾಗ ಮನೆಯಲ್ಲಿ ಅಡುಗೆ ಆಗಿರಲಿಲ್ಲ. ಹಲ್ಲು ಬಾರದ ಕೂಸಿಗೆ ದೊಡ್ಡವರಿಗೆ ಮಾಡುವಂತೆ ಯಾವುದನ್ನೂ ಮಾಡಬೇಕಿಲ್ಲ ಎಂದು ಯಾರೋ ಹೇಳಿದರು. ಊರ ಹೊರಗೆ ಗುಡ್ಡದ ಬುಡದಲ್ಲಿ ಹೂತು ಬಂದರು. ಹೆಂಗಸರನ್ನು ಯಾರೂ ಕರೆದೊಯ್ಯಲಿಲ್ಲ. ಅಜ್ಜ ಕೈಕಾಲು ತೊಳೆದು ಬಂದು ಪಡಸಾಲೆಯಲ್ಲಿ ಕೂತು, ಇನ್ನೊಂದು ಆಗುತ್ತದೆ, ಇದರ ಮಾತು ಮನೆಯಲ್ಲಿ ಇನ್ನು ಬೇಡ ಎಂದ. ಅದನ್ನು ಆತ ಕ್ರೌರ್ಯದಿಂದ ಹೇಳಲಿಲ್ಲ, ಒಂದು ಔಷಧ ಹೇಳುವವನಂತೆ ಹೇಳಿದ. ನಾನು ಆ ಮನುಷ್ಯನನ್ನು ಇಂದು ಕಟಕಟೆಯಲ್ಲಿ ನಿಲ್ಲಿಸಬೇಕೆಂದು ಹೊರಟಾಗಲೆಲ್ಲ ಆ ದನಿಯ ಮೆದುತನ ನನ್ನ ಕೈ ತಡೆಯುತ್ತದೆ. ಮೆದುವಾಗಿ ಹೇಳಿದ್ದರಿಂದ ಅಪರಾಧ ಕಡಿಮೆಯಾಗುತ್ತದೆಯೇ? ಕಡಿಮೆಯಾಗಬಾರದು ಎಂದು ನನ್ನ ಓದು ಹೇಳುತ್ತದೆ. ಆತನ ತೊಡೆಯ ಮೇಲೆ ಕೂತು ಬೆಳೆದ ನನಗೆ ಹಾಗೆ ಹೇಳಲು ಇನ್ನೂ ನಾಲಿಗೆ ಬಂದಿಲ್ಲ.

ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ತಾಲೂಕು ಆಂಧ್ರಕ್ಕೆ ಸೇರಿತು. ಅಜ್ಜನ ಪಾಲಿಗೆ ಅದು ಮನೆಯಲ್ಲೇ ಆದ ಸಾವು. ಕೂಸನ್ನು ಹೂತ ಮಾರನೆಯ ದಿನವೇ ಎರಡು ಹೊತ್ತೂ ಉಂಡವನು ಅವತ್ತು ಉಣ್ಣಲಿಲ್ಲ. ಸಂಜೆ ಎಲ್ಲರನ್ನೂ ನಡುಮನೆಗೆ ಕರೆದು ಹೇಳಿದ:

"ಸರ್ಕಾರ ತನಗ ಬೇಕಾದ್ದು ಮಾಡ್ಕೊಳ್ಲಿ. ಈ ಹೊಸ್ತಿಲದ ಒಳಗ ಇನ್ನ ಮ್ಯಾಲ ಕನ್ನಡ ಒಂದ. ಬ್ಯಾರೆ ಮಾತು ಕಿವಿಗೆ ಬೀಳಬಾರ್ದು."

ಎಲ್ಲರ ಕಣ್ಣೂ ಚಿಗವ್ವನ ಕಡೆ ಹೋದವು. ಅವಳು ತಲೆಯಾಡಿಸಿದಳು. ಮಾರನೆಯ ದಿನವೇ ಒಂದು ತೊಡಕು ಎದುರಾಯಿತು. ದೇವನಕೊಂಡದ ಎಮ್ಮೆಗೆ ಕನ್ನಡ ಬರುತ್ತಿರಲಿಲ್ಲ. "ಬಾ" ಎಂದರೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ; "ದಾ ತಲ್ಲೀ, ದಾ" ಎಂದು ಚಿಗವ್ವ ಕರೆದರೆ ಬಂದು ನಿಂತು ಹಾಲಿಳಿಸುತ್ತಿತ್ತು. ಚಿಗವ್ವ ಅವತ್ತು ಹಿತ್ತಲಲ್ಲಿ ಬಾಯಿಮುಚ್ಚಿ ನಿಂತಳು, ಎಮ್ಮೆಯೂ ಸುಮ್ಮನೆ ನಿಂತಿತು, ಪಾತ್ರೆ ಖಾಲಿ ಬಂತು. ಅಜ್ಜನಿಗೆ ಚಹಾ ಇಲ್ಲವಾಯಿತು. ಆತ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟ:

"ಎಮ್ಮಿಗೆ ಬೇಕಾದ್ರ ರಿಯಾಯಿತಿ ಐತಿ. ಮೂಕ ಪ್ರಾಣಿ, ಅದಕ್ಕ ರಾಜ್ಯ ಗೀಜ್ಯ ಏನ್ ತಿಳಿತೈತಿ?"

"ಹಂಗಾದ್ರ ನಮ್ಮನ್ಯಾಗ ಒಬ್ರಿಗಾದ್ರೂ ಆಂಧ್ರ ಸಿಕ್ತು ಬಿಡಪ್ಪ," ಎಂದ ಚಿಗಪ್ಪ. ಎಲ್ಲರೂ ನಕ್ಕರು, ಚಿಗವ್ವ ಕೂಡ. ಅವಳು ನಕ್ಕದ್ದನ್ನು ನಾನು ಆಮೇಲೆ ಬಹಳ ದಿನ ಕಂಡ ನೆನಪಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಚಿಗವ್ವನಿಗೆ ಮಾತು ಸಿಗುತ್ತಿದ್ದದ್ದು ಬೆಳಿಗ್ಗೆ ಸಂಜೆ, ಹಾಲು ಕರೆಯುವಷ್ಟು ಹೊತ್ತು. ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಕೂತು ಅವಳು ಸಣ್ಣ ದನಿಯಲ್ಲಿ ಏನೇನೋ ಹೇಳುತ್ತಿದ್ದಳು. ನಾನು ಗೋಡೆಯ ಈಚೆ ಕೂತು ಕೇಳುತ್ತಿದ್ದೆ. ಶಾಲೆಯಲ್ಲಿ ಆಗಷ್ಟೇ ತೆಲುಗು ಪಾಠ ಶುರುವಾಗಿತ್ತು. ನನಗೆ ಅಕ್ಷರಗಳು ಬರುತ್ತಿದ್ದವೇ ಹೊರತು ಮಾತಿನ ಒಳಗು ತಿಳಿಯುತ್ತಿರಲಿಲ್ಲ. ಒಂದು ಮಾತು ಮಾತ್ರ ಅವಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು: ಕಡುಪು ಕೋತ. ಹಾಲಿನ ಧಾರೆಯ ಸದ್ದಿನ ನಡುವೆ ಅದು ಒಂದು ಹಾಡಿನ ಪಲ್ಲವಿಯಂತೆ ಕೇಳುತ್ತಿತ್ತು. ಅದು ಎಮ್ಮೆಯ ಹೆಸರೇ ಇರಬೇಕೆಂದು ನಾನು ಕೆಲವು ದಿನ ನಂಬಿದ್ದೆ.

ಅಡುಗೆಮನೆಯಲ್ಲಿ ಒಂದು ಬೆಳಿಗ್ಗೆ ಚಿಗವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ನಿಂತುಬಿಟ್ಟಳು. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಏನಾತವ್ವ ಎಂದು ಅಜ್ಜಿ ಕೇಳಿದಳು. ಚಿಗವ್ವ ಬಾಯಿ ತೆರೆದಳು, ಮುಚ್ಚಿದಳು. ಪಡಸಾಲೆಯಲ್ಲಿ ಅಜ್ಜ ಇದ್ದ. ಕತ್ತಲ ಮಾಡದಲ್ಲಿ ತಡಕಿ ಡಬ್ಬಿ ಹುಡುಕುವವರಂತೆ ಒಂದೊಂದೇ ಕನ್ನಡದ ಪದ ಹುಡುಕಿ ತೆಗೆದು ಅವಳು ಹೇಳಿದಳು:

"ಹೊಟ್ಟಿ... ಕೊಯ್ತೈತ್ರಿ ಅತ್ತಿ."

ಅಷ್ಟೇ. ಹೊಟ್ಟೆ ಕೊಯ್ಯುತ್ತಿದೆ ಎಂದರೆ ಕನ್ನಡದ ಮನೆಯಲ್ಲಿ ಏನು ಅರ್ಥವೋ ಅದೇ ಅರ್ಥ ಮನೆ ತುಂಬ ಹರಡಿತು. ಸುಂಕಮ್ಮನಿಗೆ ಹೊಟ್ಟೆನೋವು. ಅವ್ವ ಓಮು ಹುರಿದು ಕೊಟ್ಟಳು. ಅಜ್ಜಿ ಹೊಕ್ಕುಳ ಸುತ್ತ ಹರಳೆಣ್ಣೆ ತಿಕ್ಕಿದಳು. ಚಿಗವ್ವ ಯಾವುದಕ್ಕೂ ಬೇಡ ಎನ್ನಲಿಲ್ಲ. ಬೇಡ ಎಂದು ಹೇಳಿ ಆಮೇಲೆ ಏನು ಹೇಳಬೇಕು ಎಂಬುದಕ್ಕೆ ಅವಳ ಬಳಿ ಕನ್ನಡವಿರಲಿಲ್ಲ. ಕಡಿಮೆಯಾಗದಿದ್ದಾಗ ಅಜ್ಜ ಪೇಟೆಯ ಹಕೀಮರನ್ನು ಕರೆಸಿದ. ಅವರು ಒಳ್ಳೆಯ ಮನುಷ್ಯ. ನಾಡಿ ಹಿಡಿದು ಕಣ್ಣು ಮುಚ್ಚಿ ಕೂತರೆ ಮನೆಯೆಲ್ಲ ಮೌನವಾಗುತ್ತಿತ್ತು. ನಿದ್ದೆ ಬರುತ್ತದೆಯೇ, ಯಾವ ಮಗ್ಗುಲಿಗೆ ಮಲಗುತ್ತೀಯ, ಬಾಯಿ ಕಹಿಯಾಗುತ್ತದೆಯೇ, ಕನಸಿನಲ್ಲಿ ಏನು ಕಾಣುತ್ತದೆ ಎಂದೆಲ್ಲ ಕೇಳಿದರು. ಒಬ್ಬ ಹೆಂಗಸನ್ನು ಇಡಿಯಾಗಿ ನೋಡುವುದೆಂದರೆ ಹೀಗೆ ಎಂದು ನನ್ನ ವಿದ್ಯಾರ್ಥಿಗಳಿಗೆ ನಾನೇ ಉದಾಹರಣೆ ಕೊಡಬಹುದು, ಅಷ್ಟು ಅಚ್ಚುಕಟ್ಟಾಗಿ ಕೇಳಿದರು. ಕೊನೆಗೆ:

"ಬೇಟಿ, ನೋವು ಯಾವಾಗ ಜಾಸ್ತಿ ಆಗ್ತದೆ? ಸೋಚ್‌ಕೆ ಹೇಳು."

ಚಿಗವ್ವ ಯೋಚಿಸಿ ಸತ್ಯವನ್ನೇ ಹೇಳಿದಳು.

"ಹಾಲು ಕಾಯೂಮುಂದ್ರಿ. ಹಾಲಿನ ವಾಸನಿ ಬಂತಂದ್ರ."

ಎದೆಯಲ್ಲಿ ಹಾಲು ಇನ್ನೂ ಪೂರ್ತಿ ಬತ್ತದ ತಾಯಿ ಅವಳು. ಹಕೀಮರು ತಲೆಯಾಡಿಸಿ, ಹಾಲು ಹಜಮ್ ಆಗುತ್ತಿಲ್ಲ, ಹಾಲನ್ನು ಮುಟ್ಟುವುದೂ ಬೇಡ, ಅದರ ಹತ್ತಿರ ಸುಳಿಯುವುದೂ ಬೇಡ ಎಂದರು. ಖಾರ ಹುಳಿ ಬಂದ್. ಗಂಜಿ, ಉಪ್ಪು, ಮೇಲೆ ಕಹಿ ಚೂರ್ಣ. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಮನೆಯಲ್ಲಿ ಒಂದು ಕೂಸು ಸತ್ತಿದೆ ಎಂಬ ಒಂದು ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ಮಾತು ಬೇಡ ಎಂದು ಅಜ್ಜ ಹೇಳಿದ್ದನಲ್ಲ.

ಹಾಗಾಗಿ ಹಾಲು ಕರೆಯುವ ಕೆಲಸ ಚಿಗವ್ವನ ಕೈಯಿಂದ ಹೋಯಿತು. ಅವ್ವ ಪಾತ್ರೆ ಹಿಡಿದು ಹೋದಳು, ಎಮ್ಮೆ ಒದೆಯಿತು. ಚಿಗಪ್ಪ ಹೋದ, ಅವನನ್ನು ನೋಡಿ ಅದು ಹಿಂತಿರುಗಿ ನಿಂತಿತು. ಕೊನೆಗೆ ಅಜ್ಜ, ನಮ್ಮ ಮನೆಯ ಕನ್ನಡದ ಕಾವಲುಗಾರ, ಪಂಚೆ ಎತ್ತಿಕಟ್ಟಿ ಹಿತ್ತಲಿಗೆ ಹೋಗಿ ಎಮ್ಮೆಯ ಕಿವಿಯ ಹತ್ತಿರ ನಿಂತು "ದಾ ತಲ್ಲೀ, ದಾ" ಎನ್ನತೊಡಗಿದ. ಅವನು ಮೇಲೆ ಮಾತಾಡುವುದು, ಅವ್ವ ಕೆಳಗೆ ಕರೆಯುವುದು. ಈ ಏರ್ಪಾಡು ಎಲ್ಲರಿಗೂ ತಮಾಷೆಯಾಗಿತ್ತು. ಆ ಹೊತ್ತಿನಲ್ಲಿ ಚಿಗವ್ವ ಕತ್ತಲ ಕೋಣೆಯಲ್ಲಿ, ಬೇರೆ ಗಡಿಗೆಯಲ್ಲಿ ಬೇಯಿಸಿದ ಗಂಜಿಯ ಮುಂದೆ ಕೂತಿರುತ್ತಿದ್ದಳು. ಸ್ವಲ್ಪ ಕಾಲದಲ್ಲಿ ಅವಳಿಗೆ ಹೊಟ್ಟೆನೋವು ನಿಜವಾಗಿಯೇ ಶುರುವಾಯಿತು. ಉಂಡದ್ದು ನಿಲ್ಲುತ್ತಿರಲಿಲ್ಲ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಮೊದಲು ಪದ ಬಂತು, ಆಮೇಲೆ ರೋಗ ಬಂತು. ಮನಸ್ಸಿನ ನೋವು ದೇಹಕ್ಕೆ ಇಳಿಯುವ ಬಗ್ಗೆ ನಾನು ಮುಂದೆ ದಪ್ಪ ದಪ್ಪ ಪುಸ್ತಕಗಳನ್ನು ಓದಿದೆ. ನಮ್ಮ ಮನೆಯಲ್ಲಿ ಅದು ತಾನಾಗಿ ಇಳಿಯಲಿಲ್ಲ. ಎಲ್ಲರೂ ಸೇರಿ, ಪ್ರೀತಿಯಿಂದ, ಅದಕ್ಕೆ ಮೆಟ್ಟಿಲು ಕಟ್ಟಿಕೊಟ್ಟರು.

ಅಜ್ಜನ ತಾಳ್ಮೆ ಯುಗಾದಿಯವರೆಗೆ ಇತ್ತು. ಹಬ್ಬದೊಳಗೆ ಸುಂಕಮ್ಮ ಏಳದಿದ್ದರೆ ಅವಳ ಅಣ್ಣನನ್ನು ಕರೆಸಿ ತವರಿಗೆ ಕಳಿಸುವುದು, ಚಿಪ್ಪಗಿರಿಯಲ್ಲಿ ಚಿಗಪ್ಪನಿಗೆ ಬೇರೊಂದು ಹೆಣ್ಣು ನೋಡುವುದು ಎಂದು ಊಟದ ಹೊತ್ತಿನಲ್ಲಿ, ಪಲ್ಯಕ್ಕೆ ಉಪ್ಪು ಸಾಲದು ಎನ್ನುವಷ್ಟು ಸಹಜವಾಗಿ ಹೇಳಿದ. ಚಿಗಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಹೆಂಡತಿಯನ್ನು ಇಷ್ಟಪಡುತ್ತಿದ್ದ ಎಂದೇ ನನಗೆ ಈಗಲೂ ಅನಿಸುತ್ತದೆ, ಅದಕ್ಕೇ ಅವನ ಆ ಬಗ್ಗಿದ ತಲೆಯನ್ನು ನಾನು ಕ್ಷಮಿಸಿಲ್ಲ. ಅವ್ವ ಗಂಜಿ ಕೊಡಲು ಹೋದಾಗ ಚಿಗವ್ವ ಅವಳ ಕೈ ಹಿಡಿದು, ಕೂಸನ್ನು ಈ ಊರಿನ ಮಣ್ಣಿನಲ್ಲಿ ಬಿಟ್ಟು ನಾನು ಎಲ್ಲಿಗೆ ಹೋಗಲಿ ಅಕ್ಕಾ ಎಂದು ಕೇಳಿದಳಂತೆ. ಅವ್ವ ಅಳುತ್ತ ಬಂದು ಇದನ್ನು ಅಜ್ಜಿಗೆ ಹೇಳಿದಳು. ಇಷ್ಟು ನೋಯುವ ಹೊಟ್ಟೆಯಲ್ಲಿ ಇನ್ನೂ ಕೂಸಿನ ಚಿಂತೆ ನೋಡು ಎಂದು ಅವ್ವ ಮರುಗಿದಳು. ಎರಡೂ ಒಂದೇ ಎಂದು ಪಾಪ, ಬಳ್ಳಾರಿಯ ಅವ್ವನಿಗೆ ಹೊಳೆಯಲಿಲ್ಲ. ಅಜ್ಜಿ ಗಂಜಿಯ ಗಡಿಗೆ ತೊಳೆಯಲು ಎದ್ದಳು.

ಆ ದಿನಗಳಲ್ಲೇ ನಾನು ಶಾಲೆಯ ತೆಲುಗು ಮೇಷ್ಟ್ರನ್ನು ಕಡುಪು ಕೋತ ಎಂದರೇನು ಎಂದು ಕೇಳಿದೆ. ಅವರು ಬಳಪ ಕೆಳಗಿಟ್ಟು, ಯಾರು ಹಾಗೆಂದರು ಎಂದು ಕೇಳಿದರು. ಎಮ್ಮೆಗೆ ಹೇಳುತ್ತಿದ್ದರು ಎಂದೆ. ಅವರು ನಗಲಿಲ್ಲ. ಕಡುಪು ಎಂದರೆ ಹೊಟ್ಟೆ, ಕೋತ ಎಂದರೆ ಕೊಯ್ತ. ಆದರೆ ಎರಡೂ ಸೇರಿದರೆ ಅದು ಹೊಟ್ಟೆಯ ಮಾತಲ್ಲ, ಮಗುವನ್ನು ಕಳೆದುಕೊಂಡ ತಾಯಿಯ ಸಂಕಟ, ಮಕ್ಕಳು ಆ ಮಾತನ್ನು ಸುಮ್ಮನೆ ಆಡಬಾರದು ಎಂದರು. ನನಗೆ ಓಡಿ ಮನೆಗೆ ಹೋಗುವಷ್ಟು ಸಂತೋಷವಾಯಿತು. ಚಿಗವ್ವ ತನ್ನ ಮಾತನ್ನು ಪದಕ್ಕೆ ಪದ ಕನ್ನಡ ಮಾಡಿದ್ದಳು, ಎಲ್ಲರೂ ತಪ್ಪು ತಿಳಿದಿದ್ದರು, ಈಗ ನಾನು ಹೇಳಿದರೆ ಎಲ್ಲ ಸರಿಹೋಗುತ್ತದೆ. ಅಜ್ಜಿ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಎಮ್ಮಿ ಮುಂದ ಆಡಿದ್ದು ಎಮ್ಮಿಗೇ ಇರ್ಲಿ, ಗೌರಿ. ನಿಮ್ಮಜ್ಜನ ಕಿವಿಗೆ ಹಾಕಬ್ಯಾಡ."

"ನಿನಗ ಮೊದ್ಲ ಗೊತ್ತಿತ್ತೇನು?"

"ನಾ ಹುಟ್ಟಿದ ಮನಿ ಮಾತದು. ನನಗ ಗೊತ್ತಾಗೂದಿಲ್ಲೇನು?" ಅವಳು ಸಿಪ್ಪೆ ಕೊಡವಿದಳು. "ಹೊಟ್ಟಿಬ್ಯಾನಿ ಅಂದ್ರ ಔಷಧ ಕೊಡ್ತಾರ, ಇರ್ಲಿ ಅಂತಾರ. ಸತ್ತ ಕೂಸಿಗೆ ಇನ್ನೂ ಅಳ್ತಾಳ ಅಂದ್ರ ಹುಚ್ಚಿ ಅಂತಾರ. ಅವತ್ತ ಹೊರಗ ಹಾಕ್ತಾರ."

ಆ ಶೇಂಗಾ ರಾಶಿಯ ಮುಂದೆ ನಾನು ಕಲಿತದ್ದು ಏನು ಎಂದು ಯಾರಾದರೂ ಕೇಳಿದರೆ, ಗೊಂದಲ ಎಂದೇ ಹೇಳುತ್ತೇನೆ. ಅಜ್ಜಿ ಸೊಸೆಯನ್ನು ಕಾಪಾಡುತ್ತಿದ್ದಳು; ಅದು ನಿಜ. ಜ್ವರದ ಕೂಸನ್ನು ಹೊಸ್ತಿಲು ದಾಟಿಸದೆ ಕೂರಿಸಿದವಳೂ ಅವಳೇ; ದುಃಖ ದುಃಖವೆಂದು ಒಪ್ಪಿಕೊಂಡರೆ ಅವತ್ತು ಆಸ್ಪತ್ರೆಗೆ ಏಕೆ ಒಯ್ಯಲಿಲ್ಲ ಎಂಬ ಪ್ರಶ್ನೆ ಅವಳ ಮುಂದೆ ಬಂದು ನಿಲ್ಲುತ್ತಿತ್ತು; ಅದೂ ನಿಜ. ಅವಳು ಹೊಟ್ಟೆನೋವೆಂಬ ಸುಳ್ಳನ್ನು ಯಾರಿಗೋಸ್ಕರ ಸಾಕುತ್ತಿದ್ದಳು? ಸೊಸೆಗೋ, ತನಗೋ? ಅವಳಿಗಾದರೂ ಗೊತ್ತಿತ್ತೇ? ಇಂದು ನನ್ನ ಬಳಿ ಯಾರಾದರೂ ಬಂದರೆ ನಾನು ಇಡೀ ಮನೆಯನ್ನು ಕರೆತನ್ನಿ ಎನ್ನುತ್ತೇನೆ. ಕರುಣೆಯಿಂದ ಸುಳ್ಳು ಹೇಳುತ್ತಿರುವವರೂ ಎದುರು ಕೂರಬೇಕು, ಉತ್ತರ ಕೊಡಬೇಕು. ಉತ್ತರದಾಯಿತ್ವವಿಲ್ಲದ ಸಮಗ್ರತೆ ನನಗೆ ಬೇಡ. ಹೀಗೆ ಗಟ್ಟಿಯಾಗಿ ಬರೆದ ಮೇಲೂ, ಅಜ್ಜಿಯನ್ನು ಎದುರು ಕೂರಿಸಿದರೆ ಮೊದಲ ಪ್ರಶ್ನೆ ಏನು ಕೇಳುತ್ತೇನೆಂದು ನನಗೆ ತಿಳಿಯದು.

ಯುಗಾದಿಗೆ ಮೊದಲೇ ಅಜ್ಜ ಹೇಳಿಕಳಿಸಿದ್ದ. ಚಿಗವ್ವನ ಅಣ್ಣ ಒಂದು ಮಧ್ಯಾಹ್ನ ಬಂದ. ಎತ್ತರದ ಆಳು, ಬಾಗಿಲಿಗೆ ತಲೆ ತಗ್ಗಿಸಿ ಒಳಬಂದ. ಅಜ್ಜ ಪಡಸಾಲೆಯಲ್ಲಿ ಅವನನ್ನು ಗೌರವದಿಂದ ಕೂರಿಸಿ, ಪೇಟೆಯ ಬೆಲ್ಲದಂಥ ತೆಲುಗಿನಲ್ಲಿ ಬೆಳೆ ಹೇಗಿದೆ, ಕುರಿ ಎಷ್ಟು ಮರಿ ಹಾಕಿವೆ ಎಂದು ವಿಚಾರಿಸಿದ. ಬೀಗರು ಬಂದಾಗ ನಿಷೇಧಕ್ಕೆ ವಿನಾಯಿತಿ ಇತ್ತೆಂದು ಕಾಣುತ್ತದೆ, ಅದನ್ನು ಮಾತ್ರ ಯಾರಿಗೂ ಮೊದಲು ಹೇಳಿರಲಿಲ್ಲ. ಆಮೇಲೆ ಸುಂಕಮ್ಮನನ್ನು ನಡುಮನೆಗೆ ಕರೆತಂದರು. ನಾವೆಲ್ಲ ಇದ್ದೆವು. ಅಣ್ಣ ಎದ್ದುನಿಂತ. ಅವನು ಬಿಟ್ಟುಹೋಗಿದ್ದ ತಂಗಿ ಅವಳಾಗಿರಲಿಲ್ಲ.

"ಏಮೈಂದಮ್ಮಾ?" ಏನಾಯಿತು ಎಂದಷ್ಟೇ ಅವನು ಕೇಳಿದ.

"ಕಡುಪು ಕೋತನ್ನಾ."

ಅವಳು ಅಳಲಿಲ್ಲ. ಅಣ್ಣ ನಿಂತಲ್ಲೇ ಕುಸಿದು ಕೂತು, ತಲೆಯ ವಸ್ತ್ರ ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ನಾನು ಎಲ್ಲರ ಮುಖಗಳನ್ನು ನೋಡಿದೆ. ಅವ್ವ ಒಬ್ಬಳೇ ಏನಂದಳು, ಏನಂದಳು ಎಂದು ಪಿಸುಗುಟ್ಟುತ್ತಿದ್ದಳು. ಅಜ್ಜಿ ನೆಲ ನೋಡುತ್ತಿದ್ದಳು. ಚಿಗಪ್ಪನಿಗೆ ಅರ್ಥವಾಯಿತೋ ಇಲ್ಲವೋ, ಅವನು ಗೋಡೆ ನೋಡುತ್ತಿದ್ದ. ಅಜ್ಜನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಹತ್ತಿಯ ಪೇಟೆಯಲ್ಲಿ ಅಷ್ಟು ವರ್ಷ ತೆಲುಗು ಮಾತಾಡಿ ಬದುಕಿದ ಮನುಷ್ಯನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಆ ಕ್ಷಣದಲ್ಲಿ ತಿಳಿಯಿತೋ, ಮೊದಲ ದಿನ ರೊಟ್ಟಿ ಸೀದಾಗಲೇ ತಿಳಿದಿತ್ತೋ? ಇದಕ್ಕೆ ಉತ್ತರ ಕೊಡಬೇಕಾದವನು ಕೊನೆಗೂ ಉತ್ತರ ಕೊಡದೆ ತೀರಿಹೋದ.

"ಆಕಿಗೆ ರೋಗ ಎಲ್ಲೈತಿ ಮಾಮಾ?" ಅಣ್ಣ ವಸ್ತ್ರ ತೆಗೆದು ಕೇಳಿದ. "ಆಕಿ ಬಿಡ್ಡ, ಆಕಿ ಕೂಸು ಹೋಗೈತಿ. ಅದಕ್ಕ ನೀವು ಏನ್ ಕುಡಿಸ್ತಿದ್ರಿ?"

ಅಜ್ಜ ಮೆಲ್ಲಗೆ, ಹೊಟ್ಟೆನೋವೆಂದು ಅವಳೇ ಹೇಳಿದ್ದು, ನಾವು ಮಾಡುವುದನ್ನೆಲ್ಲ ಮಾಡಿದೆವು ಎಂದ. ಮಾಡಿದ್ದು ಸಾಕು, ಬಟ್ಟೆ ಕಟ್ಟಿಕೋ, ಸಂಜೆಯ ಬಸ್ಸಿಗೆ ಹೋಗೋಣ ಎಂದು ಅಣ್ಣ ತಂಗಿಗೆ ಹೇಳಿದ. ಅವನ ಸಿಟ್ಟು ನ್ಯಾಯವಾದದ್ದು. ಆ ಮನೆಯಲ್ಲಿ ಮೊದಲ ಸಲ ಒಬ್ಬರು ಉತ್ತರ ಕೇಳಿದ್ದರು, ನನ್ನ ಎದೆ ಉಬ್ಬಿತ್ತು. ಆದರೆ ಅವನ ಪ್ರೀತಿಯೂ ಅಜ್ಜನ ತೀರ್ಪೂ ಚಿಗವ್ವನನ್ನು ಒಂದೇ ಬಸ್ಸಿಗೆ ಹತ್ತಿಸುತ್ತಿದ್ದವು. ಹತ್ತಿದರೆ ಚಿಪ್ಪಗಿರಿಯ ಹೆಣ್ಣು ಬರುವುದು, ಗುಡ್ಡದ ಬುಡದ ಆ ಮಣ್ಣು ಅವಳಿಗೆ ಇನ್ನೆಂದೂ ಸಿಗದಿರುವುದು, ಇಷ್ಟೂ ಅವಳಿಗೆ ಗೊತ್ತಿತ್ತು. ಅವಳು ಅಣ್ಣನನ್ನು ನೋಡಿದಳು, ಆಮೇಲೆ ಅಜ್ಜನ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು ಕನ್ನಡದಲ್ಲಿ ಹೇಳಿದಳು:

"ಈಗ ಕಡಿಮಿ ಆಗೈತ್ರಿ ಮಾವ. ಹಕೀಮರ ಔಷಧ ಹಿಡದೈತಿ. ನಾ ಎಲ್ಲಿಗೂ ಹೋಗೂದಿಲ್ರಿ."

ಅಣ್ಣ ಎಷ್ಟು ಹೇಳಿದರೂ ಅವಳು ಅದೇ ಮಾತು ಹೇಳಿದಳು. ಅಜ್ಜನಿಗೆ ಸಮಾಧಾನವಾಯಿತು. ಹಕೀಮರ ಕೈಗುಣ ದೊಡ್ಡದು, ನಾನು ಮೊದಲೇ ಹೇಳಿದ್ದೆ ಎಂದು ಆತ ಬೀಗನಿಗೆ ತೆಲುಗಿನಲ್ಲಿ ತಿಳಿಸಿ ಹೇಳಿದ. ಅಣ್ಣ ನಮ್ಮ ಮನೆಯ ನೀರನ್ನೂ ಕುಡಿಯದೆ ಒಬ್ಬನೇ ಬಸ್ಸಿಗೆ ಹೋದ.

ವೃತ್ತಿಗೆ ಬಂದ ಮೇಲೆ ನಾನು ಯಾರ ಬಾಯಿಂದಲೂ ಸುಲಭವಾಗಿ ನಂಬದ ಮಾತೆಂದರೆ, ಈಗ ಪರವಾಗಿಲ್ಲ ಎಂಬುದು. ಪರವಾಗಿಲ್ಲ ಎಂದು ಹೇಳದಿದ್ದರೆ ನಿಮ್ಮನ್ನು ಎಲ್ಲಿಗೆ ಕಳಿಸುತ್ತಾರೆ ಎಂದು ನಾನು ತಿರುಗಿ ಕೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಕೆಲವರ ಮಾತು ಶುರುವಾಗುವುದೇ ಅಲ್ಲಿಂದ. ಅವತ್ತು ನಮ್ಮ ಮನೆಯಲ್ಲಿ ಹಾಗೆ ಕೇಳಿದವಳು ಅವ್ವ ಒಬ್ಬಳೇ, ಅದೂ ಏನನ್ನೂ ತಿಳಿಯದೆ. ಅಣ್ಣ ಹೋದ ಮೇಲೆ ಚಿಗವ್ವ ನೇರ ಅಡುಗೆಮನೆಗೆ ಬಂದು ಹಿಟ್ಟು ನಾದಲು ಕೂತಳು. ಅವ್ವ ಅವಳ ಪಕ್ಕ ಕೂತು, ಪಡಸಾಲೆಗೆ ಕೇಳದಂತೆ ಕೇಳಿದಳು:

"ಸುಂಕಿ, ಖರೇನ ಕಡಿಮಿ ಆಗೈತೇನು?"

"ಇರಬೇಕಲ್ಲಕ್ಕಾ," ಎಂದಳು ಚಿಗವ್ವ.

ಆಗಿರಬೇಕು ಎಂದು ಅವ್ವ ಅರ್ಥ ಮಾಡಿಕೊಂಡು ನಿಟ್ಟುಸಿರು ಬಿಟ್ಟಳು. ಈ ಮನೆಯಲ್ಲೇ ಇರಬೇಕಲ್ಲ ಎಂದು ನನಗೆ ಕೇಳಿಸಿತು. ಹೇಳಿದವಳ ಮುಖದಲ್ಲಿ ಏನೂ ಇರಲಿಲ್ಲ. ಅಷ್ಟು ಹೊತ್ತಿಗೆ ಚಿಗವ್ವನ ಕನ್ನಡ ನಮ್ಮೆಲ್ಲರ ಕನ್ನಡದಷ್ಟೇ ಪಳಗಿತ್ತು.